ಮಂಗಳೂರಿನಲ್ಲಿ ಸರಿ ಇರುವ ಕಂಪ್ಯೂಟರ್ ಬದಿಯಡ್ಕದಲ್ಲಿ ಯಾಕೆ ಕೈಕೊಡುತ್ತದೆ?

ಪೂರ್ತಿ ಸತ್ತುಹೋದ ಕಂಪ್ಯೂಟರನ್ನು ರಿಪೇರಿ ಮಾಡುವುದು ಸುಲಭ. ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುವುದಿಲ್ಲ. ಎಸ್‌ಎಂಪಿಎಸ್ (ಪೆಟ್ಟಿಗೆಯೊಳಗೆ ಕರೆಂಟ್ ಹಂಚುವ ಡಬ್ಬಿ) ಬದಲಾಯಿಸಿದರೆ ತಿರುಗುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು. ನನ್ನನ್ನು ವರ್ಷಗಳಿಂದ ಕಾಡುತ್ತಿರುವುದು ಬೇರೆ ಜಾತಿಯ ತೊಂದರೆ. ವಾರವಿಡೀ ಚೆನ್ನಾಗಿ ಓಡುತ್ತದೆ, ಒಂದು ದಿನ ಕೆಲಸದ ಮಧ್ಯೆ ಹ್ಯಾಂಗ್ ಆಗುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಮತ್ತೆ ಓಡುತ್ತದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ನೀರ್ಚಾಲು, ಮುಳ್ಳೇರಿಯ ಕಡೆಯವರಿಗೆ ಇದರ ಮುಂದಿನ ಭಾಗ ಗೊತ್ತೇ ಇದೆ. ಸಿಪಿಯುವನ್ನು (ನಾವು ಇಡೀ ಪೆಟ್ಟಿಗೆಗೇ ಸಿಪಿಯು ಅನ್ನುವುದು) ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮಂಗಳೂರಿಗೆ ಒಯ್ಯುತ್ತೇವೆ. ಗಡಿಯ ತಲಪಾಡಿ ದಾಟಿದ ಕೂಡಲೇ ಅದರ ಕಾಯಿಲೆ ವಾಸಿಯಾಗಿರುತ್ತದೆ. ಅಂಗಡಿಯ ಹುಡುಗರು ಎರಡು ದಿನ ಆನ್ ಮಾಡಿಟ್ಟು ನೋಡುತ್ತಾರೆ. ಹ್ಯಾಂಗ್ ಆಗುವುದಿಲ್ಲ. ಯಾವುದಕ್ಕೂ ಇರಲಿ ಅಂತ ಫಾರ್ಮ್ಯಾಟ್ ಹೊಡೆದು, ಒಳಗಿನ ಮೆಮೊರಿ ಪಟ್ಟಿಯಾದ ರ‍್ಯಾಮ್ ಒರೆಸಿ ಹಾಕಿ ಕಳಿಸುತ್ತಾರೆ. ಊರಿಗೆ ತಂದಿಟ್ಟ ಮೇಲೆ ಸ್ವಲ್ಪ ದಿನ ಸರಿ ಇರುತ್ತದೆ. ಆಮೇಲೆ ಅದೇ ಪಾಡು.

ಆ ಹುಡುಗರನ್ನು ನಾನು ದೂರುವುದಿಲ್ಲ. ಅವರು ಕಂಡದ್ದನ್ನೇ ಹೇಳುತ್ತಾರೆ, ಅವರೆದುರು ಅದು ನಿಜಕ್ಕೂ ಸರಿಯಾಗಿಯೇ ಓಡಿದೆ. ನನ್ನದು ರಿಪೇರಿ ಅಂಗಡಿ ಅಲ್ಲ, ಬೇರೆ ಕೆಲಸದಲ್ಲಿದ್ದೇನೆ. ಆದರೆ ಊರಿನಲ್ಲಿ ಯಾರದ್ದಾದರೂ ಸಿಸ್ಟಮ್ ಹೀಗೆ ಆಟ ಆಡಿಸಿದರೆ ಕರೆಯುತ್ತಾರೆ, ಹೋಗುತ್ತೇನೆ. ಹೋಗಿ ನೋಡಿ ನೋಡಿ ಒಂದು ವಿಷಯ ನನಗೆ ಗಟ್ಟಿಯಾಗಿದೆ. ಆಗೊಮ್ಮೆ ಈಗೊಮ್ಮೆ ಬರುವ ತೊಂದರೆಗೆ ಸಾಮಾನ್ಯವಾಗಿ ಒಂದು ಕಾರಣ ಇರುವುದಿಲ್ಲ, ಎರಡಿರುತ್ತವೆ. ಎರಡೂ ಅರ್ಧರ್ಧ. ಒಂದೊಂದೇ ಇದ್ದರೆ ಏನೂ ಆಗುವುದಿಲ್ಲ, ಎರಡೂ ಒಟ್ಟಿಗೆ ಬಂದ ಗಳಿಗೆಯಲ್ಲಿ ಮಾತ್ರ ಸಿಸ್ಟಮ್ ಬೀಳುತ್ತದೆ. ನಾವು ಮಂಗಳೂರಿಗೆ ಒಯ್ಯುವುದು ಅದರಲ್ಲಿ ಒಂದು ಅರ್ಧವನ್ನು ಮಾತ್ರ. ಇನ್ನೊಂದು ಅರ್ಧ ಮನೆಯಲ್ಲೇ ಉಳಿದಿರುತ್ತದೆ.

ಪರದೆ ತೋರಿಸುವ ಬೆರಳು

ವಿಂಡೋಸ್ ಕೆಟ್ಟು ನಿಂತಾಗ ಕಾಣುವ ನೀಲಿ ಪರದೆ ಬಂದರೆ ಎಲ್ಲರೂ ಮೊದಲು ಮಾಡುವುದು ಅದರ ಕೋಡನ್ನು ಮೊಬೈಲಲ್ಲಿ ಹುಡುಕುವುದು. ತಪ್ಪೇನಿಲ್ಲ, ಆದರೆ ಅದು ತೋರಿಸುವುದು ಸಿಸ್ಟಮ್ ಬಿದ್ದ ಜಾಗವನ್ನು. ತಳ್ಳಿದ್ದು ಯಾರು ಅಂತ ಅದಕ್ಕೆ ಗೊತ್ತಿರಬೇಕೆಂದಿಲ್ಲ. ಇದಕ್ಕೆ ನನಗೆ ಗೊತ್ತಿರುವ ಅತಿ ದೊಡ್ಡ ಉದಾಹರಣೆ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳದ್ದು. ಅವುಗಳಲ್ಲಿ ದೊಡ್ಡ ಗೇಮ್ ಆಡುವವರಿಗೆ ವೀಡಿಯೋ ಮೆಮೊರಿ ಸಾಲದು ಎಂಬ ಸಂದೇಶ ಬಂದು ಗೇಮ್ ಮುಚ್ಚಿಹೋಗುತ್ತಿತ್ತು. ವೀಡಿಯೋ ಮೆಮೊರಿ ಇರುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ ಅಲ್ವಾ? ಹಾಗಾಗಿ ಜನ ಕಾರ್ಡನ್ನು ಅನುಮಾನಿಸಿದರು. ಕಾರ್ಡಿನಲ್ಲಿ ಏನೂ ಇರಲಿಲ್ಲ. ಗೇಮಿನ ಒತ್ತಿ ಕಟ್ಟಿದ ಫೈಲುಗಳನ್ನು ಬಿಚ್ಚುವಾಗ ಪ್ರೊಸೆಸರ್ ಲೆಕ್ಕ ತಪ್ಪುತ್ತಿತ್ತು. ಪ್ರೊಸೆಸರ್ ತನಗೆ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳಿ ಪಡೆಯುತ್ತಿತ್ತು, ಅದರಿಂದ ನಿಧಾನವಾಗಿ ಹಾಳಾಗುತ್ತಿತ್ತು. 2024ರ ಆಗಸ್ಟ್‌ನಲ್ಲಿ ಇದಕ್ಕೆ ಹೊಸ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ಸೂಚನೆಗಳು) ಬಂತು. ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು. ಆದರೆ ಅಷ್ಟರಲ್ಲಿ ಹಾಳಾಗಿದ್ದ ಪ್ರೊಸೆಸರ್ ಆ ಮೈಕ್ರೋಕೋಡಿನಿಂದ ಸರಿಯಾಗಲಿಲ್ಲ.

ಹಾಗಂತ ಸಂದೇಶಗಳನ್ನು ಬಿಟ್ಟುಬಿಡಬಾರದು. ಓದುವ ರೀತಿ ಬೇರೆ ಇರಬೇಕು ಅಷ್ಟೇ. ಪ್ರತಿ ಸಲವೂ ಒಂದೇ ಕೋಡ್, ಒಂದೇ ಡ್ರೈವರ್ (ಒಂದೊಂದು ಭಾಗವನ್ನು ನಡೆಸುವ ಪ್ರೋಗ್ರಾಮ್) ಹೆಸರು ಬಂದರೆ ಡ್ರೈವರ್ ಕಡೆ ನೋಡಬಹುದು. ಒಂದು ಸಲ ಒಂದು, ಮರುದಿನ ಇನ್ನೊಂದು, ನಡುವೆ ಬ್ರೌಸರ್ ಸುಮ್ನೆ ಮುಚ್ಚಿಹೋಗುವುದು, ಜಿಪ್ ಫೈಲ್ ಬಿಚ್ಚುವಾಗ ಫೈಲ್ ಹಾಳಾಗಿದೆ ಅನ್ನುವುದು, ಹೀಗೆ ದಿಕ್ಕಿಲ್ಲದೆ ಬಂದರೆ ನನ್ನ ಅನುಮಾನ ಮೊದಲು ರ‍್ಯಾಮ್ ಮೇಲೆ. ಯಾಕೆಂದರೆ ಎಲ್ಲ ಪ್ರೋಗ್ರಾಮೂ ರ‍್ಯಾಮ್ ಮೂಲಕವೇ ಹೋಗಬೇಕು, ಕೆಟ್ಟ ಜಾಗದಲ್ಲಿ ಅವತ್ತು ಯಾವುದು ಕೂತಿತ್ತೋ ಅದು ಬೀಳುತ್ತದೆ. ಇನ್ನು ನೀಲಿ ಪರದೆಯೇ ಬರದೆ ಸಿಸ್ಟಮ್ ತಟ್ಟನೆ ರೀಸ್ಟಾರ್ಟ್ ಆದರೆ ವಿಂಡೋಸ್‌ನ ದಿನಚರಿ ಪುಸ್ತಕದಂಥ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಇರುತ್ತದೆ. ಅದರ ಒಳಗೆ ಬಗ್‌ಚೆಕ್ ಕೋಡ್ (ನೀಲಿ ಪರದೆಯ ಕೋಡ್) 0 ಅಂತಿದ್ದರೆ ವಿಂಡೋಸ್‌ಗೆ ಸಾಯುವ ಮೊದಲು ಒಂದು ಸಾಲು ಬರೆಯಲೂ ಸಮಯ ಸಿಗಲಿಲ್ಲ ಅಂತ ಅರ್ಥ. ಆ 41 ಯಾವ ಕಾರಣವನ್ನೂ ಹೇಳುವುದಿಲ್ಲ. ಕರೆಂಟಿನ ದಾರಿಯಲ್ಲಿ ಹುಡುಕಲು ಶುರುಮಾಡು ಅನ್ನುತ್ತದೆ, ನನಗೆ ಅಷ್ಟು ಸಾಕು.

ಹಾರ್ಡ್ ಡಿಸ್ಕಿನ ವಿಷಯದಲ್ಲಿ ಇನ್ನೂ ಚಂದದ ಒಂದು ಗುರುತಿದೆ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ಸ್ಮಾರ್ಟ್ ಎಂಬ ಪಟ್ಟಿಯಲ್ಲಿ ಇಟ್ಟುಕೊಂಡಿರುತ್ತದೆ. ಅದರಲ್ಲಿ 5 ಮತ್ತು 197ನೇ ಸಾಲುಗಳು ಏರುತ್ತಿದ್ದರೆ ಡಿಸ್ಕೇ ಹಾಳಾಗುತ್ತಿದೆ, ಮೊದಲು ಫೈಲುಗಳ ಕಾಪಿ ತೆಗೆಯಿರಿ. ಅವೆರಡೂ ಸೊನ್ನೆ ಇದ್ದು 199ನೇ ಸಾಲು ಮಾತ್ರ ಏರುತ್ತಿದ್ದರೆ ಬಹುತೇಕ ಡಿಸ್ಕ್ ಚೆನ್ನಾಗಿದೆ, ಅದನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ಲಿನಲ್ಲಿ ದೋಷ ಇದೆ. ಅಗ್ಗದ ಒಂದು ಕೇಬಲ್ ಬದಲಾಯಿಸುವ ಬದಲು ಡಿಸ್ಕನ್ನೇ ಎಸೆದವರನ್ನು ನೋಡಿದ್ದೇನೆ. ಸಂಕಟ ಆಗುತ್ತದೆ.

ಆಟಿಯ ಬೆಳಿಗ್ಗೆಗಳು

ಪೆರ್ಲದ ಕಡೆ ಒಬ್ಬರು ಅಕ್ಕ ಡಿಟಿಪಿ ಅಂಗಡಿ ನಡೆಸುತ್ತಾರೆ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ನೇಮದ ನೋಟೀಸು, ಯಕ್ಷಗಾನದ ಕರಪತ್ರ, ಎಲ್ಲ ಅವರಲ್ಲೇ. ನುಡಿ ತಂತ್ರಾಂಶದಲ್ಲಿ ಕನ್ನಡ ಹೊಡೆಯುವಷ್ಟೇ ವೇಗದಲ್ಲಿ ಮಲಯಾಳವನ್ನೂ ಹೊಡೆಯುತ್ತಾರೆ. ಅವರ ಸಿಸ್ಟಮ್ ಮಂಗಳೂರಿಗೆ ಹೋಗಿ ಬಂದಿತ್ತು, ಫಾರ್ಮ್ಯಾಟ್ ಆಗಿತ್ತು, ಮತ್ತೆ ಕೆಟ್ಟಿತ್ತು. ನೀಲಿ ಪರದೆ ಪ್ರತಿ ಸಲ ಬೇರೆ ಬೇರೆ ಕೋಡಿನದ್ದು. ನಾನು ಹೋದದ್ದು ಮಧ್ಯಾಹ್ನದ ನಂತರ. ಮೆಮ್‌ಟೆಸ್ಟ್86 ಹಾಕಿದ ಪೆನ್‌ಡ್ರೈವ್ ಚುಚ್ಚಿ ರ‍್ಯಾಮ್ ಪರೀಕ್ಷೆ ಬಿಟ್ಟೆ. ಇದು ವಿಂಡೋಸ್ ಶುರುವಾಗುವ ಮೊದಲೇ ಓಡುವ ಪ್ರೋಗ್ರಾಮ್, ರ‍್ಯಾಮಿನ ಒಂದೊಂದು ಜಾಗದಲ್ಲೂ ಬರೆದು ಓದಿ ತಾಳೆ ನೋಡುತ್ತದೆ. ಸಂಜೆವರೆಗೂ ಓಡಿತು. ಒಂದು ತಪ್ಪೂ ಸಿಗಲಿಲ್ಲ.

ಹೊರಡುವಾಗ ಅಕ್ಕ ಹೇಳಿದರು, “ಇದು ಬೆಳಿಗ್ಗೆ ಮಾತ್ರ ಅಣ್ಣ ಹೀಗೆ ಮಾಡುವುದು. ಚಳಿ ಹಿಡಿದವರ ಹಾಗೆ. ಹತ್ತೂವರೆ ಕಳೆದರೆ ಮತ್ತೆ ಎಂತ ಇಲ್ಲ.” ಮಂಗಳೂರಿನಲ್ಲಿ ಇದನ್ನು ಹೇಳಿದ್ರಾ ಅಂತ ಕೇಳಿದೆ. “ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನಮಗೆಂತ ಗೊತ್ತು ಅಂತ ಆಯ್ತು.” ನನಗೆ ಆ ಮಾತು ತುಂಬ ನಾಟಿತು. ದಿನಕ್ಕೆ ಎಂಟು ಗಂಟೆ ಅದರ ಎದುರು ಕೂರುವವರು ಅವರು. ಯಾವ ಟೆಸ್ಟ್ ಪ್ರೋಗ್ರಾಮಿಗೂ ಗೊತ್ತಿಲ್ಲದ್ದು ಅವರಿಗೆ ಗೊತ್ತಿತ್ತು. ಆರ್ಡರ್ ಬರೆದುಕೊಳ್ಳುವ ಪುಸ್ತಕ ಅವರ ಮೇಜಿನ ಮೇಲೆಯೇ ಇತ್ತು. ಸಿಸ್ಟಮ್ ಬಿದ್ದಾಗೆಲ್ಲ ಅದರ ಅಂಚಿನಲ್ಲಿ ಗಂಟೆ ಬರೆದಿಡಿ, ಮಳೆ ಇತ್ತಾ ಇಲ್ವಾ ಅಂತ ಒಂದು ಗುರುತು ಹಾಕಿ, ಹಿಂದಿನ ದಿನ ಅಂಗಡಿ ತೆರೆದಿತ್ತಾ ಅಂತಲೂ ಬರೆಯಿರಿ ಅಂದೆ. ಬರೆದರು. ಮುಂದಿನ ಸಲ ಹೋದಾಗ ಆ ಪುಟಗಳನ್ನು ನೋಡಿದರೆ ಯಾರಿಗಾದರೂ ಕಾಣುವಷ್ಟು ಸ್ಪಷ್ಟವಾಗಿತ್ತು. ಭಾನುವಾರ ಮುಚ್ಚಿ ಸೋಮವಾರ ತೆರೆದ ಬೆಳಿಗ್ಗೆ. ಎಡೆಬಿಡದೆ ಮಳೆ ಸುರಿದು ಅಂಗಡಿ ತೆರೆಯದ ದಿನದ ಮರುದಿನ. ಬಿಸಿಲು ಬಿದ್ದ ವಾರದಲ್ಲಿ ಒಂದೂ ಇಲ್ಲ.

ಆಟಿ ತಿಂಗಳು ಅದು (ತುಳುವರ ಮಳೆಗಾಲದ ತಿಂಗಳು, ಜುಲೈ-ಆಗಸ್ಟ್). ಆಟಿಯಲ್ಲಿ ಮದುವೆ ಇಲ್ಲ, ಆಮಂತ್ರಣದ ಕೆಲಸ ಇಲ್ಲ, ಹಾಗಾಗಿ ಸಿಸ್ಟಮ್ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ತಣ್ಣಗೆ ಕೂತಿರುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಂಗಡಿಯ ಪಡುವಣ ಗೋಡೆ ಮುರಕಲ್ಲಿನದ್ದು, ಗಾರೆ ಅಲ್ಲಲ್ಲಿ ಎದ್ದಿದೆ, ಕೈ ಇಟ್ಟರೆ ಪಸೆ. ಸಿಪಿಯುವಿನ ಹಿಂಭಾಗ ಆ ಗೋಡೆಗೆ ತಾಗಿಕೊಂಡೇ ಇತ್ತು. ಆನ್ ಮಾಡಿ ಗಂಟೆಯಾದ ಮೇಲೆ ಒಳಗಿನ ಬಿಸಿಗೆ ತೇವ ಆರುತ್ತದೆ. ಮಂಗಳೂರಿನ ಅಂಗಡಿಯ ಎಸಿ ಕೋಣೆಯಲ್ಲಿ ಅದಕ್ಕೆ ತೇವ ಹಿಡಿಯುವ ಅವಕಾಶವೇ ಇರಲಿಲ್ಲ. ನಾನು ಮಧ್ಯಾಹ್ನ ಹಾಕಿದ ಪರೀಕ್ಷೆಯೂ ಅಷ್ಟೇ, ಆರಿದ ಮೇಲೆ ನೋಡಿದ್ದು.

ಮತ್ತೆ ಪರೀಕ್ಷೆ ಹಾಕಿದ್ದು ಬೆಳಿಗ್ಗೆ, ಅಕ್ಕ ಬೀಗ ತೆಗೆದ ಕೂಡಲೇ, ಒಳಗೆ ಏನನ್ನೂ ಮುಟ್ಟದೆ. ಮುಟ್ಟದೆ ಅನ್ನುವುದು ಇಲ್ಲಿ ಮುಖ್ಯ. ರ‍್ಯಾಮನ್ನು ಒಮ್ಮೆ ಕಿತ್ತು ಹಾಕಿದರೆ ಲೋಹಕ್ಕೆ ಲೋಹ ತಿಕ್ಕಿ ಕಿಲುಬು ಸ್ವಲ್ಪ ಹೋಗುತ್ತದೆ, ಕೆಲವು ವಾರ ಎಲ್ಲ ಸರಿಯಾಗುತ್ತದೆ. ಒರೆಸಿ ಹಾಕಿದ ರಿಪೇರಿ ಸ್ವಲ್ಪ ದಿನ ನಡೆಯುವುದರ ಗುಟ್ಟು ಇದೇ. ನೋಡುವ ಕೈಯೇ ಸುಳಿವನ್ನು ಅಳಿಸಿಹಾಕುತ್ತದೆ. ಅವತ್ತು ಪರದೆಯ ಮೇಲೆ ಕೆಂಪು ಸಾಲುಗಳು ಬೇಗನೇ ಬಂದವು. ನಾನೂ ಅಕ್ಕನೂ ಇಬ್ಬರೂ ಖುಷಿಪಟ್ಟೆವು. ಕರೆದಾಗ ಬರುವ ತೊಂದರೆ ಅರ್ಧ ಸಿಕ್ಕಿಬಿದ್ದ ಹಾಗೆ.

ಅಲ್ಲಿಂದ ಮುಂದೆ ನಿಧಾನದ ಕೆಲಸ. ಎರಡು ರ‍್ಯಾಮ್, ಅವನ್ನು ಚುಚ್ಚಲು ಎರಡು ಸ್ಲಾಟ್. ಒಂದೇ ರ‍್ಯಾಮ್ ಹಾಕಿ ಒಂದು ಸ್ಲಾಟಿನಲ್ಲಿ ಬಿಡಬೇಕು, ಮಳೆಯ ಕೆಲವು ದಿನ ಕಳೆಯಬೇಕು, ಬೆಳಿಗ್ಗೆ ತಣ್ಣಗಿರುವಾಗಲೇ ಪರೀಕ್ಷೆ ಹಾಕಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಅವಸರ ಮಾಡಿ ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದೇ ಇಲ್ಲ. ಅಕ್ಕನಿಗೆ ಈ ಕ್ರಮ ನನಗಿಂತ ಬೇಗ ಒಗ್ಗಿತು, ಪ್ರೂಫ್ ತಿದ್ದುವವರಲ್ಲವಾ. ಎರಡು ರ‍್ಯಾಮ್‌ಗಳೂ ಒಂದು ಸ್ಲಾಟಿನಲ್ಲಿ ಯಾವ ಬೆಳಿಗ್ಗೆಯೂ ತಪ್ಪಲಿಲ್ಲ. ಎರಡೂ ಇನ್ನೊಂದು ಸ್ಲಾಟಿನಲ್ಲಿ ಒದ್ದೆ ಬೆಳಿಗ್ಗೆಗಳಲ್ಲಿ ತಪ್ಪಿದವು. ದೋಷ ರ‍್ಯಾಮಿನದ್ದಲ್ಲ, ಮದರ್‌ಬೋರ್ಡಿನ ಆ ಸ್ಲಾಟಿನದ್ದು. ಟಾರ್ಚ್ ಹಿಡಿದು ನೋಡಿದರೆ ಒಳಗಿನ ತೆಳ್ಳಗಿನ ಕಾಲುಗಳ ಮೇಲೆ ಮಾಸಲು ಬಣ್ಣ ಕೂತಿತ್ತು. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ತೊಳೆದೆವು, ಆದರೂ ಆ ಸ್ಲಾಟನ್ನು ಮತ್ತೆ ನಂಬಲಿಲ್ಲ. ದೊಡ್ಡ ಒಂದು ರ‍್ಯಾಮ್ ತಂದು ಒಳ್ಳೆಯ ಸ್ಲಾಟಿಗೆ ಹಾಕಿ, ಸಿಪಿಯುವನ್ನು ಒಳಗೋಡೆಯ ಕಡೆಗೆ ಸರಿಸಿದೆವು. (ಪೆನ್ಸಿಲ್ ರಬ್ಬರಿನಿಂದ ರ‍್ಯಾಮಿನ ಚಿನ್ನದ ಪಟ್ಟಿ ಉಜ್ಜುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ. ಚಿನ್ನದ ಲೇಪ ಬಹಳ ತೆಳು, ಉಜ್ಜಿ ಉಜ್ಜಿ ಅದೇ ಹೋಗುತ್ತದೆ. ಆಲ್ಕೋಹಾಲ್ ಸಿಕ್ಕಿದರೆ ಅದನ್ನೇ ಬಳಸಿ.)

ಕಿಲುಬಿದ ಸ್ಲಾಟ್ ಬೇಸಗೆಯಲ್ಲೂ ಇತ್ತು. ಒದ್ದೆ ಗೋಡೆ ಎಷ್ಟೋ ಮಳೆಗಾಲದಿಂದ ಇತ್ತು. ಒಂದೊಂದೇ ಇದ್ದಾಗ ಅಕ್ಕನ ಕೆಲಸ ನಡೆಯುತ್ತಲೇ ಇತ್ತು.

ಪಂಪಿನದ್ದೋ ಎಸ್‌ಎಂಪಿಎಸ್‌ನದ್ದೋ

ಇನ್ನೊಂದು, ನೀರ್ಚಾಲಿನಿಂದ ಸ್ವಲ್ಪ ಒಳಗೆ, ನಿವೃತ್ತ ಮಾಷ್ಟ್ರ ಮನೆಯದ್ದು. ಮಾಷ್ಟ್ರು ತಮ್ಮ ಊರಿನ ಹಳೇ ಮನೆತನಗಳ ಬಗ್ಗೆ ಬರೆಯುತ್ತಿದ್ದಾರೆ, ಕಂಪ್ಯೂಟರಿನಲ್ಲೇ. ಜನವರಿ ಕಳೆದ ಮೇಲೆ ಅವರ ಸಿಸ್ಟಮ್ ಸಂಜೆ ಹೊತ್ತು ತಟ್ಟನೆ ರೀಸ್ಟಾರ್ಟ್ ಆಗುತ್ತಿತ್ತು. ನೀಲಿ ಪರದೆ ಇಲ್ಲ. ಈವೆಂಟ್ ವ್ಯೂವರಿನಲ್ಲಿ ಸಾಲು ಸಾಲು 41, ಒಳಗೆ ಸೊನ್ನೆ. ಬರೆದ ಪುಟಗಳು ಹೋಗಿದ್ದವು. ಅವರ ಬೇಸರ ಕೇಳಿ ನನಗೂ ಸಂಕಟ ಆಯಿತು. ನೆನಪಿನಿಂದ ಬರೆದದ್ದನ್ನು ಮತ್ತೆ ಹಾಗೇ ಬರೆಯಲು ಆಗುವುದಿಲ್ಲ.

ಜನವರಿಯಿಂದ ಮೇವರೆಗೆ ನಮ್ಮಲ್ಲಿ ಅಡಿಕೆ ತೋಟಕ್ಕೆ ನೀರು ಬಿಡುವ ಕಾಲ. ಗುಡ್ಡ ಕೊರೆದ ಸುರಂಗದ ನೀರು ಇಳಿಜಾರಿನಲ್ಲಿ ಹರಿದು ಬರುವ ಭಾಗ್ಯವಂತರನ್ನು ಬಿಟ್ಟರೆ ಉಳಿದವರಿಗೆ ಪಂಪೇ ಗತಿ. ಪಂಪಿನ ಮೋಟಾರು ತಿರುಗಲು ಶುರುವಾಗುವ ಗಳಿಗೆಯಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಲೈನ್ ಉದ್ದ ಇದ್ದರೆ ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತದೆ. ಬಲ್ಬು ಮಿಣುಕುವುದನ್ನು ಎಲ್ಲರೂ ನೋಡಿದ್ದೇವೆ. ನಾನು ಪಂಪಿನ ಹೆಸರೆತ್ತಿದ ಕೂಡಲೇ ಮಾಷ್ಟ್ರು ತಲೆಯಾಡಿಸಿದರು. “ಪಂಪು ಇವತ್ತು ನಿನ್ನೆಯದ್ದಲ್ಲ ಮಾರಾಯಾ, ಕಂಪ್ಯೂಟರಿಗಿಂತ ಮೊದಲೇ ಉಂಟು. ನಮ್ಮ ಪಂಪ್ ಆಫ್ ಇದ್ದಾಗಲೂ ಹೀಗೆ ಆಗಿದೆ.” ಮಂಗಳೂರಿನಿಂದ ಬಂದಿದ್ದ ಚೀಟಿಯಲ್ಲಿ ಎಸ್‌ಎಂಪಿಎಸ್ ಓಕೆ ಅಂತ ಬರೆದಿತ್ತು. ನಾನೂ ಮಲ್ಟಿಮೀಟರ್ ಇಟ್ಟು ನೋಡಿದೆ. 12 ವೋಲ್ಟಿನ ಲೈನ್ 11.4ರಿಂದ 12.6ರ ಒಳಗಿರಬೇಕು, ಇತ್ತು. 5 ವೋಲ್ಟಿನದ್ದು 4.75ರಿಂದ 5.25ರ ಒಳಗಿರಬೇಕು, ಅದೂ ಇತ್ತು. ಮಾಷ್ಟ್ರ ಮಾತೂ ಸರಿ, ಚೀಟಿಯ ಮಾತೂ ಸರಿ.

ಎಸ್‌ಎಂಪಿಎಸ್ ಒಳಗೆ ಗೋಡೆಯ ಕರೆಂಟನ್ನು ಹಿಡಿದಿಟ್ಟುಕೊಳ್ಳುವ ದಪ್ಪ ಕೆಪಾಸಿಟರ್ ಇರುತ್ತದೆ. ಕರೆಂಟ್ ಒಂದು ಕ್ಷಣ ತಪ್ಪಿದರೆ ಅದರಲ್ಲಿ ತುಂಬಿಟ್ಟದ್ದರಿಂದಲೇ ಸಿಸ್ಟಮ್ ಓಡಬೇಕು. ಹೊಸ ಎಸ್‌ಎಂಪಿಎಸ್ ಹೀಗೆ 16-17 ಮಿಲಿಸೆಕೆಂಡ್ ತಡೆಯಬೇಕು ಅಂತ ಎಟಿಎಕ್ಸ್ ಎಂಬ ಡೆಸ್ಕ್‌ಟಾಪ್ ವಿನ್ಯಾಸದ ನಿಯಮ. ನಮ್ಮ 50 ಹರ್ಟ್ಜ್ ಕರೆಂಟಿನ ಒಂದು ಸುತ್ತು 20 ಮಿಲಿಸೆಕೆಂಡ್. ಅಂದರೆ ಹೊಸದರಲ್ಲೇ ಅದರ ತಡೆ ಒಂದು ಸುತ್ತಿನಷ್ಟೂ ಇಲ್ಲ. ಅಗ್ಗದ, ಪಿಎಫ್‌ಸಿ (ಕರೆಂಟ್ ಎಳೆಯುವ ರೀತಿಯನ್ನು ತಿದ್ದುವ ಸರ್ಕ್ಯೂಟ್) ಇಲ್ಲದ ಎಸ್‌ಎಂಪಿಎಸ್‌ನಲ್ಲಿ ಇನ್ನೊಂದು ತೊಂದರೆ ಇದೆ. ಕೆಪಾಸಿಟರಿನಲ್ಲಿ ತುಂಬುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. 230 ವೋಲ್ಟ್ ಇರಬೇಕಾದಲ್ಲಿ ಸಂಜೆ ಹೊತ್ತು 170ಕ್ಕೆ ಇಳಿದರೆ ತುಂಬಿದ ಶಕ್ತಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಮೇಲಿಂದ ಕೆಪಾಸಿಟರ್ ಮುದಿಯಾಗುತ್ತದೆ. ಬಿಸಿ ಹತ್ತು ಡಿಗ್ರಿ ಏರಿದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧ ಆಗುತ್ತದೆ ಅನ್ನುವುದು ಎಲೆಕ್ಟ್ರಾನಿಕ್ಸ್‌ನವರ ಹಳೇ ಲೆಕ್ಕ. ಹಂಚಿನ ಮಾಡಿನ ಕೆಳಗೆ ಏಪ್ರಿಲ್ ಕಳೆಯುವ ಪೆಟ್ಟಿಗೆಯ ಒಳಗೆ ಎಷ್ಟು ಬಿಸಿ ಇರುತ್ತದೆ ಅಂತ ಯೋಚಿಸಿ. ಸುಮ್ನೆ ಮೀಟರ್ ಇಟ್ಟರೆ 12 ವೋಲ್ಟ್ 12 ಅಂತಲೇ ತೋರಿಸುತ್ತದೆ. ಅದರ ತಾಳಿಕೆ ಎಷ್ಟು ಉಳಿದಿದೆ ಅಂತ ಆ ಅಂಕಿ ಹೇಳುವುದಿಲ್ಲ.

ಹಾಗಾಗಿ ತೊಂದರೆಯನ್ನು ಕರೆದೇ ನೋಡೋಣ ಅಂತ ಮಾಡಿದೆವು. ಮಧ್ಯಾಹ್ನ ಮಾಷ್ಟ್ರ ಮಗ ತೋಟಕ್ಕೆ ಹೋಗಿ ಪಂಪ್ ಆನ್ ಮಾಡಿದ. ಫೋನಿನಲ್ಲಿ “ಹಾಕಿದೆ” ಅಂದ. ಬಲ್ಬು ಮಿಣುಕಿತು, ಸಿಸ್ಟಮ್ ಅಲ್ಲಾಡಲಿಲ್ಲ. ಮಾಷ್ಟ್ರು ನನ್ನ ಮುಖ ನೋಡಿದರು. ಸಂಜೆ ಏಳರ ಮೇಲೆ, ಊರಿನ ದೀಪ, ಟಿವಿ, ಮಿಕ್ಸಿ ಎಲ್ಲ ಓಡುವಾಗ ಮತ್ತೆ ಹಾಕಿಸಿದೆವು. ಮೀಟರಿನಲ್ಲಿ ವೋಲ್ಟೇಜ್ ಮೊದಲೇ 200ರ ಕೆಳಗಿತ್ತು. “ಹಾಕಿದೆ” ಅನ್ನುವ ಮಾತು ಮುಗಿಯುವ ಮೊದಲೇ ಪರದೆ ಕಪ್ಪಾಯಿತು. ಮತ್ತೆ ಮಾಡಿದರೂ ಹಾಗೇ. ನನ್ನ ಹತ್ತಿರ ಇದ್ದ ಇನ್ನೊಂದು ಎಸ್‌ಎಂಪಿಎಸ್ ಜೋಡಿಸಿ, ಅದೇ ಹೊತ್ತಿನಲ್ಲಿ, ಅದೇ ಪಂಪನ್ನು ಹಾಕಿಸಿದೆವು. ಬಲ್ಬು ಮಿಣುಕಿತು. ಮಾಷ್ಟ್ರ ಪುಟ ಪರದೆಯ ಮೇಲೆ ಹಾಗೇ ನಿಂತಿತ್ತು.

ಅವರ ಪಂಪ್ ಆಫ್ ಇದ್ದಾಗ ರೀಸ್ಟಾರ್ಟ್ ಆದದ್ದು ಹೇಗೆ ಅಂತ ಆಮೇಲೆ ಅವರೇ ಹೇಳಿದರು. ಅದೇ ಟ್ರಾನ್ಸ್‌ಫಾರ್ಮರಿನಿಂದ ಕರೆಂಟ್ ಹೋಗುವ ಪಕ್ಕದ ತೋಟದವರೂ ನೀರು ಬಿಡುವುದು ಸಂಜೆಗೇ. ಪಕ್ಕದವರ ಪಂಪಿನ ಹೊತ್ತನ್ನು ನಮ್ಮ ಕಂಪ್ಯೂಟರಿನ ಕಾಯಿಲೆಯ ಜೊತೆ ಸೇರಿಸಿ ಯೋಚಿಸಬೇಕು ಅಂತ ಯಾರಿಗೆ ಹೊಳೆಯುತ್ತದೆ? ಊರಿನವರಿಗೆ ಮಾತ್ರ ಹೊಳೆಯಬಹುದು.

ಮಾಷ್ಟ್ರ ಮೇಜಿನ ಕೆಳಗೆ ಒಂದು ಯುಪಿಎಸ್ ಕೂಡ ಇತ್ತು. ಒಳಗಿನ ಬ್ಯಾಟರಿ ಸತ್ತು ಯಾವ ಕಾಲವಾಯಿತೋ, ಬರೀ ಪ್ಲಗ್ ಬೋರ್ಡಿನ ಕೆಲಸ ಮಾಡುತ್ತಿತ್ತು. ನಮ್ಮ ಕಡೆಯ ಬಹಳ ಮನೆಗಳಲ್ಲಿ ಹೀಗೆಯೇ ಇದೆ. ಕರೆಂಟ್ ಇರುವಾಗ ಯುಪಿಎಸ್‌ನ ಪ್ಲಗ್ ಕಿತ್ತು ನೋಡಿ, ಬರೆದದ್ದನ್ನು ಸೇವ್ ಮಾಡಿಕೊಂಡ ಮೇಲೆ. ಸಿಸ್ಟಮ್ ಉಳಿಯದಿದ್ದರೆ ಬ್ಯಾಟರಿ ತರುವ ಕಾಲ ಬಂದಿದೆ. ಇನ್ವರ್ಟರ್ ಇದ್ದರೆ ಅದರ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರಬಹುದು. ಕಂಪ್ಯೂಟರ್ ಇರುವ ಮನೆಯಲ್ಲಿ ಅದು ಆ ಕಡೆಗೇ ಇರಬೇಕು, ಇಲ್ಲದಿದ್ದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ಅದು ತಡಮಾಡುತ್ತದೆ. ಮತ್ತೆ, ಎಸ್‌ಎಂಪಿಎಸ್ ಬಿಚ್ಚಿ ನೋಡುವ ಆಸೆ ಯಾರಿಗೂ ಬೇಡ. ಪ್ಲಗ್ ತೆಗೆದ ಮೇಲೂ ಆ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಜಾಸ್ತಿ ಉಳಿದಿರಬಹುದು. ಅದನ್ನು ನಾನೂ ಬಿಚ್ಚಲಿಲ್ಲ.

ಆಕಾಶದಿಂದ ಬಂದದ್ದು

ಇಂಥ ಮಾತು ಬಂದಾಗ ಓದಿಕೊಂಡ ಹುಡುಗರು ಕಾಸ್ಮಿಕ್ ಕಿರಣದ ವಿಷಯ ಎತ್ತುತ್ತಾರೆ, ಆಕಾಶದಿಂದ ಬಂದ ಕಣ ಮೆಮೊರಿಯ ಒಂದು ಬಿಟ್ ತಿರುಗಿಸಿಬಿಡುತ್ತದೆ ಅಂತ. ಸುಳ್ಳಲ್ಲ. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೇಕ್‌ನಲ್ಲಿ ಚುನಾವಣೆಯ ಲೆಕ್ಕದಲ್ಲಿ ಒಬ್ಬ ಅಭ್ಯರ್ಥಿಗೆ ಸರಿಯಾಗಿ 4096 ಮತ ಜಾಸ್ತಿ ಬಂತು. 4096 ಅಂದರೆ ಎರಡರ ಹನ್ನೆರಡನೇ ಘಾತ, ಮೆಮೊರಿಯಲ್ಲಿ ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಾದರೆ ಬರುವ ಸಂಖ್ಯೆ. ಬೇರೆ ಕಾರಣ ಸಿಗಲಿಲ್ಲ. ಆದರೆ ಮೇಜಿನ ಕೆಳಗಿನ ಸಿಸ್ಟಮ್ ವಾರಕ್ಕೊಮ್ಮೆ ಬಿದ್ದರೆ ಆಕಾಶ ನೋಡುವುದು ಬೇಡ. ಗೂಗಲ್ ತನ್ನ ಸರ್ವರುಗಳ ರ‍್ಯಾಮ್ ಬಗ್ಗೆ 2009ರಲ್ಲಿ ಹೊರತಂದ ಅಧ್ಯಯನದಲ್ಲಿ ವರ್ಷಕ್ಕೆ ಸುಮಾರು ಮೂರರಲ್ಲಿ ಒಂದು ಮಶೀನಿನಲ್ಲಿ ಒಂದಾದರೂ ರ‍್ಯಾಮ್ ದೋಷ ಕಂಡಿತ್ತು. ಅವು ಹೆಚ್ಚಾಗಿ ಮತ್ತೆ ಮತ್ತೆ ಅದೇ ಮಶೀನುಗಳಲ್ಲೇ ಬರುತ್ತಿದ್ದವು, ಬಹುಪಾಲು ಹಾರ್ಡ್‌ವೇರಿನ ದೋಷಗಳೇ ಅನ್ನುವುದು ಅವರ ತೀರ್ಮಾನ. ಎಲ್ಲೋ ಒಂದು ಕಡೆ ಕೆಟ್ಟಿದೆ ಅಂದರೆ ಹುಡುಕಿದರೆ ಸಿಗುತ್ತದೆ. ನನಗೆ ಅದರಲ್ಲಿ ಧೈರ್ಯ ಇದೆ.

ಸರಿಯಾಯಿತು ಅಂತ ಯಾವಾಗ ಹೇಳುವುದು?

ನನಗೆ ಎಲ್ಲಕ್ಕಿಂತ ಕಷ್ಟ ಅನ್ನಿಸುವುದು ಇದು. ಹುಡುಕುವುದಕ್ಕಿಂತಲೂ ಕಷ್ಟ. ಸರಾಸರಿ ವಾರಕ್ಕೊಮ್ಮೆ, ಯಾವ ದಿನ ಅಂತಿಲ್ಲದೆ ಬರುವ ತೊಂದರೆ ಅಂತಿಟ್ಟುಕೊಳ್ಳಿ. ನೀವು ಏನನ್ನೂ ಸರಿಮಾಡದೆ ಸುಮ್ನೆ ಒಂದು ವಾರ ಕಾದರೂ ಅದು ಬಾರದೇ ಇರುವ ಸಾಧ್ಯತೆ ಸುಮಾರು 37%. ಅಂದರೆ ಮೂರು ಜನ ರಿಪೇರಿಯವರು ಏನೂ ಮಾಡದೆ ಒಂದು ವಾರ ಕಳೆದರೆ, ಅವರಲ್ಲಿ ಒಬ್ಬರಿಗೆ ತಾನೇ ಸರಿಮಾಡಿದೆ ಅಂತ ಅನ್ನಿಸಿರುತ್ತದೆ. ಎರಡು ವಾರ ಬಾರದಿರುವ ಸಾಧ್ಯತೆ ಸುಮಾರು 14%. ಮೂರು ವಾರಕ್ಕೆ 5%. ಹಾಗಾಗಿ ತೊಂದರೆ ಎಷ್ಟು ದಿನಕ್ಕೊಮ್ಮೆ ಬರುತ್ತಿತ್ತೋ ಅದರ ಮೂರು ಪಟ್ಟು ಕಾಯುವವರೆಗೆ ಸರಿಯಾಯಿತು ಅಂತ ನಾನು ಹೇಳುವುದಿಲ್ಲ. ಅಕ್ಕನ ಅಂಗಡಿಯಲ್ಲಿ ಇಷ್ಟೂ ಸಾಲದು. ಆಟಿ ಕಳೆದು ಸೋಣ ತಿಂಗಳು ಬಂದರೆ ಚೌತಿ, ಓಣಂ ಅಂತ ನೋಟೀಸಿನ ಕೆಲಸ ಶುರು, ಸಿಸ್ಟಮ್ ದಿನವೂ ಓಡುತ್ತದೆ, ಮಳೆಯೂ ಕಡಿಮೆ. ತೊಂದರೆ ತಾನಾಗಿಯೇ ಮಾಯ ಆಗುವ ಕಾಲ ಅದು. ನಿಜವಾದ ಪರೀಕ್ಷೆ ಮುಂದಿನ ಆಟಿಯ ಒದ್ದೆ ಬೆಳಿಗ್ಗೆಯಲ್ಲೇ ಆಗಬೇಕಿತ್ತು. ಕಾದೆವು. ಆ ಆಟಿಯಲ್ಲಿ ಅಕ್ಕನ ಆರ್ಡರ್ ಪುಸ್ತಕದ ಅಂಚು ಖಾಲಿ ಇತ್ತು.

ಕಾಯಲು ಹೇಳುವುದು ಸುಲಭದ ಮಾತಲ್ಲ. ದುಡ್ಡು ತೆಗೆದುಕೊಂಡು ರಿಪೇರಿ ಮಾಡುವವರಿಗೆ ಗಿರಾಕಿ ಹತ್ತಿರ ಮೂರು ವಾರ ಕಾಯಿರಿ ಅನ್ನಲು ಆಗುವುದಿಲ್ಲ. ಅವರು ರ‍್ಯಾಮ್, ಎಸ್‌ಎಂಪಿಎಸ್, ಡಿಸ್ಕ್ ಎಲ್ಲ ಒಟ್ಟಿಗೆ ಬದಲಾಯಿಸುವುದು ಅದಕ್ಕೇ. ಅದರಲ್ಲಿ ತಪ್ಪು ನೋಡುವ ಮೊದಲು ಅವರ ಕೈಗೆ ನಾವು ಏನು ಕೊಟ್ಟೆವು ಅಂತಲೂ ನೋಡಬೇಕು. ಇನ್ನು ಮುಂದೆ ಯಾರಾದರೂ ಸಿಪಿಯು ಕಟ್ಟಿಕೊಂಡು ಮಂಗಳೂರಿನ ಬಸ್ಸು ಹತ್ತುವುದಾದರೆ ಅದರ ಜೊತೆ ಒಂದು ಹಾಳೆ ಇರಲಿ. ಯಾವ ಹೊತ್ತಿಗೆ ಬೀಳುತ್ತದೆ, ಆನ್ ಮಾಡಿ ಎಷ್ಟು ಹೊತ್ತಿಗೆ, ಆಗ ಏನು ಮಾಡುತ್ತಿದ್ದಿರಿ, ಮಳೆಯೋ ಸೆಕೆಯೋ, ಬಲ್ಬು ಮಿಣುಕಿತಾ, ಪರದೆ ನೀಲಿಯಾಯಿತಾ, ಕಪ್ಪಾಯಿತಾ, ಇದ್ದ ಹಾಗೇ ನಿಂತಿತಾ. ನೀಲಿ ಪರದೆಯ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಮೌಸು, ಕೀಬೋರ್ಡು, ಪ್ರಿಂಟರ್ ಕೇಬಲ್ಲುಗಳನ್ನೂ ಒಯ್ಯಿರಿ, ಎರಡನೇ ಅರ್ಧ ಅದರಲ್ಲೂ ಇರಬಹುದು.

ಈಗ ನನ್ನ ಎದುರಿಗಿರುವುದು ನಮ್ಮ ಕಡೆಯ ಒಂದು ಕನ್ನಡ ಶಾಲೆಯ ಲ್ಯಾಬಿನದ್ದು. ಕೇರಳದ ಸರಕಾರಿ ಶಾಲೆಗಳಲ್ಲಿ ಓಡುವುದು ಲಿನಕ್ಸ್, ವಿಂಡೋಸ್‌ನ 41 ಅಲ್ಲಿ ಸಿಗುವುದಿಲ್ಲ. ಮಕ್ಕಳು ಕೆಲಸ ಮಾಡುತ್ತಿರುವಾಗ ಸಿಸ್ಟಮ್ ಗಟ್ಟಿಯಾಗಿ ಓಡುತ್ತದೆ. ಪೀರಿಯಡ್ ಮುಗಿದು ಯಾರೂ ಮುಟ್ಟದೆ ಬಿಟ್ಟರೆ ಪರದೆ ಇದ್ದ ಹಾಗೇ ನಿಂತುಬಿಡುತ್ತದೆ. ಸಿಸ್ಟಮ್ ಬರೆದಿಡುವ ದಾಖಲೆಯಲ್ಲಿ (ಲಾಗ್) ಕೊನೆಯ ಸಾಲು ಯಾವ ತಪ್ಪನ್ನೂ ಹೇಳುವುದಿಲ್ಲ. ಕೆಲಸ ಜಾಸ್ತಿಯಾದಾಗ ಬೀಳುವುದು ಎಲ್ಲರಿಗೂ ಗೊತ್ತು, ಸುಮ್ನೆ ಕೂತಾಗ ಬೀಳುವುದಕ್ಕೂ ಕಾರಣ ಇದೆ. ಈಗಿನ ಪ್ರೊಸೆಸರುಗಳು ಕೆಲಸ ಇಲ್ಲದಾಗ ಆಳವಾದ ನಿದ್ದೆಗೆ ಇಳಿದು ಬಹಳ ಕಡಿಮೆ ಕರೆಂಟ್ ಎಳೆಯುತ್ತವೆ. 2013ರಲ್ಲಿ ಇಂಟೆಲ್‌ನ ಹ್ಯಾಸ್‌ವೆಲ್ ಪ್ರೊಸೆಸರುಗಳು ಬಂದಾಗ 12 ವೋಲ್ಟಿನ ಲೈನಿನಿಂದ ಬರೀ 0.05 ಆಂಪಿಯರ್ ಎಳೆಯುವಷ್ಟು ಇಳಿಯುತ್ತಿದ್ದವು, ಅಷ್ಟು ಕಡಿಮೆ ಲೋಡಿನಲ್ಲಿ ಕೆಲವು ಹಳೇ ಎಸ್‌ಎಂಪಿಎಸ್‌ಗಳಿಗೆ ನಿಲ್ಲಲು ಆಗುತ್ತಿರಲಿಲ್ಲ. ಈ ಲ್ಯಾಬಿನಲ್ಲೂ ಹೊಸ ಮದರ್‌ಬೋರ್ಡಿಗೆ ಹಳೇ ಎಸ್‌ಎಂಪಿಎಸ್ ಜೋಡಿಸಿದ್ದಾರೆ. ಅದರ ಬಯಾಸ್‌ನಲ್ಲಿ (ಆನ್ ಮಾಡಿದ ಕೂಡಲೇ ಓಡುವ ಮದರ್‌ಬೋರ್ಡಿನ ಸೆಟ್ಟಿಂಗು) ಪವರ್ ಸಪ್ಲೈ ಐಡಲ್ ಕಂಟ್ರೋಲ್ ಎಂಬ ಆಯ್ಕೆ ಸಿಕ್ಕಿತು. ಅದೊಂದನ್ನು ಮಾತ್ರ ಬದಲಾಯಿಸಿದ್ದೇವೆ, ಬೇರೆ ಏನನ್ನೂ ಮುಟ್ಟಿಲ್ಲ. ಲ್ಯಾಬಿನ ಟೀಚರು ಹಾಜರಿ ಪುಸ್ತಕದ ಹಿಂಬದಿ ಪುಟದಲ್ಲಿ ಪ್ರತಿ ಪೀರಿಯಡ್ ನಂತರ ಒಂದು ಗುರುತು ಹಾಕುತ್ತಿದ್ದಾರೆ. ಮತ್ತೆ ಪರದೆ ಹಾಗೇ ನಿಂತರೆ ಮುಂದಿನ ಸರದಿ ಎಸ್‌ಎಂಪಿಎಸ್‌ನದ್ದು.